ದೇವರನ್ನು ಬಿಟ್ಟ ಮನೆಯಲ್ಲಿ ಮದುವೆ, ಸಾವು, ಅಡುಗೆ

ನಮ್ಮಲ್ಲಿ ದೇವರನ್ನು ನಂಬದವರು ಎಷ್ಟು ಜನ ಇದ್ದಾರೆ ಅಂತ ಲೆಕ್ಕ ಹುಡುಕಿದರೆ ಕೈಗೆ ಸಿಗುವುದು ತೀರಾ ಕಡಿಮೆ. 2011ರ ಜನಗಣತಿಯಲ್ಲಿ ಇಡೀ ದೇಶದಲ್ಲಿ ಧರ್ಮ ತಿಳಿಸದವರು ಅಂತ ದಾಖಲಾದವರು ಸುಮಾರು 28.7 ಲಕ್ಷ. 121 ಕೋಟಿಯಲ್ಲಿ ಅದು ಶೇ. 0.24. ಅದಕ್ಕೆ ಹತ್ತು ವರ್ಷ ಹಿಂದೆ, 2001ರಲ್ಲಿ, ಇದೇ ಸಾಲಿನಲ್ಲಿ ಇದ್ದವರು ಸುಮಾರು 7 ಲಕ್ಷ. ನಾಲ್ಕು ಪಟ್ಟು ಹೆಚ್ಚಾಯಿತು ಅಂತ ಹೇಳಬಹುದು, ಆದರೆ ಅವರೆಲ್ಲ ನಾಸ್ತಿಕರೇ ಅಂತ ಹೇಳಲು ಬರುವುದಿಲ್ಲ. ಧರ್ಮ ಹೇಳೋದು ಬೇಡ ಅನ್ನಿಸಿದವರು, ತಮ್ಮ ಧರ್ಮಕ್ಕೆ ಅಲ್ಲಿ ಹೆಸರೇ ಸಿಗದವರು, ಎಲ್ಲ ಅದರಲ್ಲೇ ಸೇರಿರುತ್ತಾರೆ. ಇನ್ನು ಪ್ಯೂ ಸಂಶೋಧನಾ ಕೇಂದ್ರದವರು 2019-20ರಲ್ಲಿ ನಮ್ಮ ದೇಶದ ಸುಮಾರು 30 ಸಾವಿರ ಜನರನ್ನು ಮಾತಾಡಿಸಿದಾಗ ಶೇ. 97 ಮಂದಿ ದೇವರನ್ನು ನಂಬುತ್ತೇವೆ ಅಂದಿದ್ದರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2011ರಲ್ಲಿ ಶೇ. 25 ಇದ್ದ ಧರ್ಮ ಇಲ್ಲದವರು 2021ಕ್ಕೆ ಶೇ. 37 ಆದರು. ಅಂಥದ್ದೇನೂ ನಮ್ಮ ಲೆಕ್ಕದಲ್ಲಿ ಕಾಣುವುದಿಲ್ಲ.

ಲೆಕ್ಕ ಹೀಗಿದ್ದರೂ ನನ್ನ ಸುತ್ತಮುತ್ತ ಬದಲಾವಣೆ ಆಗಿದೆ, ಆಗ್ತಾ ಇದೆ. ಯಾರೂ ‘ನಾನು ನಾಸ್ತಿಕ’ ಅಂತ ಬೋರ್ಡು ಹಾಕಿಕೊಂಡಿಲ್ಲ. ಮಗಳ ಜಾತಕವನ್ನೇ ಬರೆಸದ ಅಪ್ಪ ಇದ್ದಾರೆ. ಗೃಹಪ್ರವೇಶಕ್ಕೆ ಹೋಮ ಮಾಡಿಸದೆ, ಮನೆ ಕಟ್ಟಿದ ಗಾರೆ ಕೆಲಸದವರನ್ನೆಲ್ಲ ಮೊದಲ ಪಂಕ್ತಿಯಲ್ಲಿ ಕೂರಿಸಿ ಊಟ ಹಾಕಿದ ಗೆಳತಿ ಇದ್ದಾಳೆ. ಮುಟ್ಟಾದ ದಿನವೇ ಯುಗಾದಿ ಬಂದಾಗ ಹೋಳಿಗೆ ಹೂರಣ ರುಬ್ಬಿ, ಅತ್ತೆ ಮುಖ ನೋಡದೆ ಬಡಿಸಿದ ಸೊಸೆ ಇದ್ದಾಳೆ. ಇವರಲ್ಲಿ ಅರ್ಧ ಜನ ದೇವಸ್ಥಾನಕ್ಕೂ ಹೋಗುತ್ತಾರೆ. ಯಾವ ಗಣತಿ ಮಾಡಿದರೂ ಇವರು ಹಿಂದೂ ಅಂತಲೇ ಬರೆಸುತ್ತಾರೆ. ಆದರೆ ಬದುಕಿನ ಯಾವುದೋ ಒಂದು ಕಡೆ ‘ಇಲ್ಲಿ ದೇವರು, ಶಾಸ್ತ್ರ ಬೇಡ, ನಾವೇ ನೋಡಿಕೊಳ್ಳೋಣ’ ಅಂದವರು ಇವರು, ಮತ್ತು ಒಂದು ಕಡೆ ಹಾಗೆ ಅಂದ ಮೇಲೆ ಇನ್ನೊಂದು ಕಡೆ ಅನ್ನುವುದು ಅಷ್ಟು ಕಷ್ಟ ಆಗುವುದಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಂಬಿಕೆ ಬಿಡುವುದನ್ನು ಒಬ್ಬರು ಕೂತಲ್ಲೇ ಮಾಡಬಹುದು. ಹುಟ್ಟು, ಮದುವೆ, ಸಾವು ಎದುರಾದಾಗ ಮಾತ್ರ ಇಡೀ ಮನೆ ಅದಕ್ಕೆ ಹೆಗಲು ಕೊಡಬೇಕಾಗುತ್ತೆ. ಆ ಮನೆಯ ಹೆಂಗಸರ ದಿನಚರಿಯಲ್ಲಿ ಏನೂ ಬದಲಾಗಲಿಲ್ಲ ಅಂದರೆ ಆ ನಾಸ್ತಿಕತೆ ಇದ್ದೂ ಇಲ್ಲದಂತೆ.

ಇದನ್ನು ಯಾಕೆ ಹೇಳ್ತಿದ್ದೇನೆ ಅಂದರೆ, ದೇವರಿಲ್ಲ ಅಂತ ವಾದ ಮಾಡುವ ಗಂಡಸರನ್ನು ಸಾಕಷ್ಟು ನೋಡಿದ್ದೇನೆ. ಒಳ್ಳೆಯವರೇ, ಓದಿದವರೇ. ಆದರೆ ಅವರ ಮನೆಯಲ್ಲೇ ಗೌರಿ ಹಬ್ಬಕ್ಕೆ ನಾಲ್ಕು ಗಂಟೆಗೆ ಎದ್ದು ತಲೆಗೆ ಸ್ನಾನ ಮಾಡಿ ಒದ್ದೆ ಕೂದಲಲ್ಲೇ ಅಡುಗೆಗೆ ನಿಲ್ಲುವವಳು ಹೆಂಡತಿ. ಪಿತೃಪಕ್ಷದಲ್ಲಿ ಇವರ ಅಪ್ಪನಿಗೆ ಎಡೆ ಇಡಲು ಅಡುಗೆ ಮಾಡುವವಳೂ ಅವಳೇ. ಇವರು ‘ನಂಗೆ ನಂಬಿಕೆ ಇಲ್ಲ, ಅಮ್ಮನಿಗೋಸ್ಕರ’ ಅಂತ ಬಂದು ಕೈ ಮುಗಿದು, ಉಂಡು, ಎದ್ದು ಹೋಗುತ್ತಾರೆ. ಅವಳನ್ನು ‘ನಿಂಗೆ ನಂಬಿಕೆ ಇದೆಯಾ’ ಅಂತ ಯಾರೂ ಕೇಳಿರುವುದಿಲ್ಲ. ಬಹಳ ಮನೆಗಳಲ್ಲಿ ಧರ್ಮ ಅಂದರೆ ಹೆಂಗಸರ ಕೆಲಸ. ನೆಲ ಒರೆಸುವುದು, ಹಿತ್ತಾಳೆ ದೀಪ ಹುಣಸೆಹಣ್ಣು ಹಾಕಿ ತಿಕ್ಕುವುದು, ಮಡಿ ಬಟ್ಟೆ ಒಣಗಿಸುವುದು, ಉಪವಾಸ ಇದ್ದುಕೊಂಡೇ ಹತ್ತು ಜನಕ್ಕೆ ಬೇಯಿಸುವುದು. ಗಂಡಸು ನಂಬಿಕೆ ಬಿಟ್ಟರೆ ಅವನ ದಿನದಲ್ಲಿ ಹತ್ತು ನಿಮಿಷ ಉಳಿಯಬಹುದು. ಹೆಂಗಸು ಬಿಟ್ಟರೆ ಅವಳಿಗೆ ವರ್ಷದಲ್ಲಿ ವಾರಗಟ್ಟಲೆ ಸಮಯ ವಾಪಸ್ ಬರುತ್ತೆ. ಬಿಡುವುದು ಅವಳಿಗೆ ಹೆಚ್ಚು ಕಷ್ಟ ಆಗಿರುವುದಕ್ಕೂ ಅದೇ ಕಾರಣ, ಅವಳು ಬಿಟ್ಟರೆ ಮನೆಗೆಲ್ಲ ಗೊತ್ತಾಗುತ್ತೆ.

ಜಾತಕದ ವಿಷಯವೂ ಹಾಗೇ. ಮೂಲಾ ನಕ್ಷತ್ರದ ಹುಡುಗಿ ಬಂದರೆ ಮಾವನಿಗೆ ಆಗಲ್ಲ, ಆಶ್ಲೇಷ ಆದರೆ ಅತ್ತೆಗೆ ಆಗಲ್ಲ, ಕುಜದೋಷ ಇದ್ದರೆ ಗಂಡನಿಗೇ ಆಗಲ್ಲ. ಲೆಕ್ಕ ಯಾವಾಗಲೂ ಹುಡುಗಿಯ ಮೇಲೇ ಬರುತ್ತೆ. ನಮ್ಮ ನೆಂಟರಲ್ಲೇ ಒಬ್ಬಳಿಗೆ, ಎಂಎಸ್ಸಿ ಮಾಡಿ ಕೆಲಸದಲ್ಲಿದ್ದವಳಿಗೆ, ಮೂಲಾ ನಕ್ಷತ್ರ ಅನ್ನೋ ಒಂದೇ ಕಾರಣಕ್ಕೆ ವರ್ಷಗಟ್ಟಲೆ ಸಂಬಂಧಗಳು ತಪ್ಪಿ ಹೋದವು. ಕೊನೆಗೆ ಅವಳು ‘ಜಾತಕ ಕೇಳುವವರ ಮನೆಗೆ ನಾನು ಹೋಗಲ್ಲ’ ಅಂತ ಹಟ ಹಿಡಿದಳು, ಜಾತಕದ ಹಾಳೆಯನ್ನೇ ಬೀರುವಿನಿಂದ ತೆಗೆದು ಹರಿದಳು. ಅದಾದ ಮೇಲೆ ಬಂದ ಸಂಬಂಧಗಳು ಕಡಿಮೆಯೇ. ಆದರೆ ಬಂದವರು ಅವಳ ಜೊತೆ ಮಾತಾಡಲು ಬಂದರು, ಅದೊಂದು ದೊಡ್ಡ ವ್ಯತ್ಯಾಸ.

ನಮ್ಮ ರಾಜ್ಯದಲ್ಲಿ ಇದಕ್ಕೆಲ್ಲ ಒಂದು ಹಿನ್ನೆಲೆ ಇದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ತನಿಖೆಗೆ ಒಂದು ಸಮಿತಿ ಮಾಡಿ, ಸತ್ಯಸಾಯಿಬಾಬಾ ಅವರಿಗೇ ಪತ್ರ ಬರೆದು ಪರೀಕ್ಷೆಗೆ ಬನ್ನಿ ಅಂತ ಕರೆದಿದ್ದರು. ಖಾದಿ ಉಟ್ಟ, ಗಾಂಧಿ ಟೋಪಿ ಹಾಕಿದ, ಹಾಸ್ಟೆಲ್ ಕೋಣೆಯಲ್ಲಿ ಬದುಕು ಕಳೆದ ಮನುಷ್ಯ. ಅವರು ಕೇಳಿದ್ದು ದೊಡ್ಡವರನ್ನು. ಈಗ ಅದೇ ಬಗೆಯ ಪ್ರಶ್ನೆ ಮನೆಯೊಳಗೆ, ಅಡುಗೆಮನೆಯಲ್ಲಿ, ಛತ್ರದಲ್ಲಿ ಕೇಳಿಬರುತ್ತಿದೆ ಅನ್ನೋದೇ ನನಗೆ ಖುಷಿ.

2019ರ ಡಿಸೆಂಬರ್ 26ರ ಸೂರ್ಯಗ್ರಹಣ ನೆನಪಿರಬಹುದು. ಕೊಡಗಿನ ಕುಟ್ಟದ ಹತ್ತಿರ ಕಂಕಣ ಗ್ರಹಣ ಪೂರ್ತಿ ಕಾಣುತ್ತೆ ಅಂತ ಎಲ್ಲೆಲ್ಲಿಂದಲೋ ಜನ ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಅದೇ ದಿನ ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯ ಇದ್ದ ಮಕ್ಕಳನ್ನು, ವಾಸಿಯಾಗುತ್ತೆ ಅಂತ, ಕುತ್ತಿಗೆವರೆಗೆ ಮಣ್ಣಲ್ಲಿ ಹೂತು ಕೂರಿಸಿದ್ದ ಸುದ್ದಿಯೂ ಬಂತು. ಆ ಮಕ್ಕಳ ತಾಯಂದಿರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಆಸ್ಪತ್ರೆ, ಥೆರಪಿ, ಶಾಲೆ ಎಲ್ಲ ಕೈಗೆ ಎಟುಕದೆ ಹೋದ ಮೇಲೆ ಉಳಿದದ್ದು ಮಣ್ಣು. ಮೂಢನಂಬಿಕೆ ತಡೆಯಲು 2017ರಲ್ಲಿ ಕಾಯ್ದೆ ಪಾಸಾಗಿದೆ, 2020ರ ಜನವರಿಯಿಂದ ಜಾರಿಯಲ್ಲೂ ಇದೆ, ಅದು ಬೇಕಿತ್ತು. ಆದರೆ ಮಗುವಿಗೆ ಒಂದು ಫಿಸಿಯೋಥೆರಪಿ ಕೇಂದ್ರ ತಾಲ್ಲೂಕಿನಲ್ಲೇ ಸಿಕ್ಕಿದರೆ ಆ ತಾಯಿ ಗ್ರಹಣಕ್ಕೆ ಕಾಯುವುದಿಲ್ಲ. ನಂಬಿಕೆ ಸಡಿಲ ಆಗುವುದು ಭಾಷಣದಿಂದ ಕಡಿಮೆ, ಕೈಗೆ ಬೇರೆ ಆಸರೆ ಸಿಕ್ಕಾಗ ಜಾಸ್ತಿ. ನಮ್ಮೂರಲ್ಲಿ ಮಕ್ಕಳ ಜ್ವರಕ್ಕೆ ತಾಯತ ಕಟ್ಟಿಸುವುದು ನಿಂತದ್ದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ದಿನಾ ಬರುವ ಡಾಕ್ಟರು ಬಂದ ಮೇಲೆ.

ಮದುವೆಗೆ ಬರೋಣ. ಪುರೋಹಿತರಿಲ್ಲದ ಮದುವೆ ಕನ್ನಡದವರಿಗೆ ಹೊಸದಲ್ಲ. 1966ರಲ್ಲಿ ಕುವೆಂಪು ತಮ್ಮ ಮಗ ತೇಜಸ್ವಿಯವರ ಮದುವೆಗೆ ಮಂತ್ರಮಾಂಗಲ್ಯ ರೂಪಿಸಿದರು. ಮುಹೂರ್ತ ಇಲ್ಲ, ವರದಕ್ಷಿಣೆ ಇಲ್ಲ, ಪುರೋಹಿತರಿಲ್ಲ. ಹಿರಿಯರೊಬ್ಬರು ಪ್ರಮಾಣದ ಮಾತುಗಳನ್ನು ಓದಬೇಕು, ಗಂಡು ಹೆಣ್ಣು ಎಲ್ಲರ ಎದುರು ಅದನ್ನು ಹೇಳಬೇಕು. ಕುವೆಂಪು ನಾಸ್ತಿಕರಲ್ಲ, ಅದರಲ್ಲಿ ಉಪನಿಷತ್ತಿನ ಮಾತುಗಳೂ ಇವೆ. ಆದರೆ ಮದುವೆ ಆಗುವವರಿಗೇ ಮಾತು ಅರ್ಥ ಆಗಬೇಕು, ಅವರೇ ಅದನ್ನು ಬಾಯಿಬಿಟ್ಟು ಹೇಳಬೇಕು ಅಂತ ಆಯಿತಲ್ಲ, ಅದು ದೊಡ್ಡದು. ಮುಂದೆ ರೈತ ಸಂಘದವರು, ದಲಿತ ಸಂಘಟನೆಗಳವರು ಇಂಥ ಸರಳ ಮದುವೆಗಳನ್ನು ಹಳ್ಳಿಗಳಿಗೂ ಒಯ್ದರು.

ಈಚೆಗೆ ನಾನು ಹೋದ ಇಂಥ ಒಂದು ಮದುವೆಯಲ್ಲಿ ಹುಡುಗಿಯ ಅಜ್ಜಿ ಪ್ರಮಾಣ ಓದಿಸಿದರು. ಕನ್ನಡಕ ಹಾಕಿಕೊಂಡು, ಹಾಳೆ ದೂರ ಹಿಡಿದು, ಒಂದೊಂದು ಸಾಲೂ ನಿಧಾನಕ್ಕೆ. ಗಂಡ ಸತ್ತ ಹೆಂಗಸು ಮಂಟಪದ ಹತ್ತಿರವೂ ಬರಬಾರದು ಅನ್ನೋ ಕಾಲದಲ್ಲಿ ಬದುಕಿದವರು, ಇವತ್ತು ಮದುವೆ ಮಾಡಿಸುವ ಜಾಗದಲ್ಲಿ ನಿಂತಿದ್ದರು. ಹುಡುಗನ ಕಡೆಯ ಒಬ್ಬಿಬ್ಬರು ಗೊಣಗಿದರು, ಊಟ ಆದ ಮೇಲೆ ಅವರೇ ಬಂದು ಅಜ್ಜಿ ಕಾಲು ಮುಟ್ಟಿದರು.

ಕಾನೂನಿನ ದಾರಿ ಇನ್ನೂ ಗಟ್ಟಿ, ಆದರೆ ಅಲ್ಲಿ ಕಾಯಬೇಕು. 1872ರಲ್ಲಿ ಬ್ರಿಟಿಷರ ಕಾಲದಲ್ಲಿ ಬಂದ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆ ಆಗಬೇಕಾದರೆ ‘ನಾವು ಹಿಂದೂ, ಮುಸ್ಲಿಂ, ಕ್ರೈಸ್ತ, ಬೌದ್ಧ, ಜೈನ ಇತ್ಯಾದಿ ಯಾವ ಧರ್ಮಕ್ಕೂ ಸೇರಿದವರಲ್ಲ’ ಅಂತ ಇಬ್ಬರೂ ಬರೆದುಕೊಡಬೇಕಿತ್ತು. ಬೇರೆ ಬೇರೆ ಧರ್ಮದ ಇಬ್ಬರು ಪ್ರೀತಿಸಿದರೆ ಇಬ್ಬರೂ ಧರ್ಮ ಇಲ್ಲದವರಾಗಲೇಬೇಕಿತ್ತು. 1923ರಲ್ಲಿ ಹಿಂದೂ, ಬೌದ್ಧ, ಸಿಖ್, ಜೈನರಿಗೆ ಸ್ವಲ್ಪ ಸಡಿಲ ಆಯಿತು, 1954ರ ಹೊಸ ಕಾಯ್ದೆಯಲ್ಲಿ ಆ ಷರತ್ತೇ ಹೋಯಿತು. ಈಗ ಯಾವ ಧರ್ಮದವರು ಬೇಕಾದರೂ, ಯಾವ ಧರ್ಮವೂ ಬೇಡ ಅನ್ನುವವರೂ ಆಗಬಹುದು. ಮೊದಲು ನೋಟಿಸ್ ಕೊಡಬೇಕು, ಅದನ್ನು ಕಚೇರಿಯ ಬೋರ್ಡಿನಲ್ಲಿ ಹಾಕುತ್ತಾರೆ, 30 ದಿನ ಯಾರಾದರೂ ಆಕ್ಷೇಪಣೆ ಹಾಕಬಹುದು, ಆಮೇಲೆ ಮೂವರು ಸಾಕ್ಷಿಗಳ ಮುಂದೆ ಸಹಿ. ಮನೆಯವರ ವಿರೋಧ ಇರುವ ಜೋಡಿಗೆ ಆ 30 ದಿನ ಎಷ್ಟು ಉದ್ದ ಅಂತ ಅನುಭವಿಸಿದವರಿಗೇ ಗೊತ್ತು. ಹೆಸರು, ವಿಳಾಸ ಎಲ್ಲ ಬೋರ್ಡಿನಲ್ಲಿರುತ್ತೆ. ಆ ನೋಟಿಸಿನ ಪದ್ಧತಿ ಹೋಗಬೇಕು ಅಂತ ನಾನು ಖಂಡಿತ ಬಯಸುತ್ತೇನೆ.

ಆದರೆ ಒಂದು ಮಾತು. ದೇವರನ್ನು ಬಿಟ್ಟಷ್ಟು ಸುಲಭವಾಗಿ ನಮ್ಮವರು ಜಾತಿ ಬಿಟ್ಟಿಲ್ಲ. ಹೋಮ ಬೇಡ, ಮುಹೂರ್ತ ಬೇಡ, ಹುಡುಗ ಮಾತ್ರ ನಮ್ಮವನೇ ಆಗಬೇಕು, ಇಂಥ ಮನೆಗಳನ್ನು ನೀವೂ ನೋಡಿರುತ್ತೀರಿ ಅಲ್ವಾ? ಮಂತ್ರಮಾಂಗಲ್ಯವೂ ಒಂದೇ ಜಾತಿಯೊಳಗೆ ಧಾರಾಳವಾಗಿ ನಡೆಯುತ್ತೆ. ಜಾತಿಗೆ ದೇವರ ಆಸರೆ ಬೇಕಾಗಿಲ್ಲ, ಅದು ಆಸ್ತಿ, ಸಂಬಂಧ, ಊಟದ ಮೇಲೆ ನಿಂತಿದೆ. ಹಾಗಾಗಿ ನಂಬಿಕೆ ಕಡಿಮೆ ಆದ ಕೂಡಲೇ ಜಾತಿಯೂ ಕರಗುತ್ತೆ ಅನ್ನೋ ಆಸೆಯನ್ನು ನಾನು ಇಟ್ಟುಕೊಂಡಿಲ್ಲ. ಅದಕ್ಕೆ ಬೇರೆಯೇ ಜಗಳ ಮಾಡಬೇಕು.

ಎಲ್ಲಕ್ಕಿಂತ ಕಷ್ಟ ಸಾವು. ಮದುವೆಗೆ ತಿಂಗಳುಗಟ್ಟಲೆ ಮಾತಾಡಿ ಒಪ್ಪಿಸಬಹುದು. ಸಾವಿನ ದಿನ ಯಾರಿಗೂ ವಾದ ಮಾಡುವ ಶಕ್ತಿ ಇರುವುದಿಲ್ಲ, ಊರಿನ ಹಿರಿಯರು ಹೇಳಿದ ಹಾಗೆ ನಡೆದುಹೋಗುತ್ತೆ. ಬದುಕಿಡೀ ಶಾಸ್ತ್ರ ಬೇಡ ಅಂದವರಿಗೂ ಕೊನೆಗೆ ಎಲ್ಲ ಶಾಸ್ತ್ರ ಆಗಿರುತ್ತೆ. ಅದಕ್ಕೇ 2019ರ ಜೂನ್ 10ರಂದು ಗಿರೀಶ್ ಕಾರ್ನಾಡರು ತೀರಿಕೊಂಡಾಗ ನಡೆದದ್ದು ನನಗೆ ಮುಖ್ಯ ಅನ್ನಿಸಿತು. ಜ್ಞಾನಪೀಠ ಬಂದವರು, ಸರ್ಕಾರಿ ಗೌರವ ಸಿಗುವುದು ಖಚಿತವಾಗಿತ್ತು. ಯಾವ ವಿಧಿಯೂ ಬೇಡ, ಸರ್ಕಾರಿ ಗೌರವವೂ ಬೇಡ ಅಂತ ಅವರು ಮೊದಲೇ ಹೇಳಿದ್ದರು. ಮನೆಯವರು ಅದನ್ನು ಚಾಚೂ ತಪ್ಪದೆ ನಡೆಸಿ, ಬೆಂಗಳೂರಿನ ಕಲ್ಪಳ್ಳಿಯ ವಿದ್ಯುತ್ ಚಿತಾಗಾರದಲ್ಲಿ ಮುಗಿಸಿದರು. ನಮ್ಮಪ್ಪ ಆವತ್ತು ಟೀವಿ ಮುಂದೆ ಕೂತು ಪೂರ್ತಿ ನೋಡಿದ್ದರು. ‘ಮೊದಲೇ ಹೇಳಿಡಬೇಕು ನೋಡು’ ಅಂದಿದ್ದರು ಅಷ್ಟೇ.

ಅಪ್ಪ ಕೆಇಬಿಯಲ್ಲಿ ಲೈನ್‌ಮನ್ ಆಗಿದ್ದವರು. ಹಾಸನ ಜಿಲ್ಲೆಯ ಹಳ್ಳಿಯವರು. ಅವರು ಯಾವತ್ತೂ ದೇವರಿಲ್ಲ ಅಂತ ಭಾಷಣ ಮಾಡಿದವರಲ್ಲ. ಸುಮ್ನೆ ಒಂದೊಂದೇ ಬಿಡುತ್ತಾ ಹೋದರು. ಮೊದಲು ಉಪವಾಸ, ಆಮೇಲೆ ಮುಡಿ ಕೊಡುವುದು, ಆಮೇಲೆ ಎಡೆ ಇಡುವುದು. ಕಂಬದ ಮೇಲೆ ಜೊತೆಗಾರನೊಬ್ಬ ಸತ್ತದ್ದನ್ನು ಕಣ್ಣಾರೆ ನೋಡಿದವರು. ಅದು ಅವನ ಹಣೆಬರಹ ಅಂತ ಊರವರು ಹೇಳಿದಾಗ ಅಪ್ಪನಿಗೆ ಸಿಟ್ಟು ಬಂದಿತ್ತು. ಕೈಗವಸು ಕೊಟ್ಟಿದ್ದರೆ, ಲೈನ್ ಆಫ್ ಆಗಿದೆಯಾ ಅಂತ ಒಬ್ಬರು ಖಾತ್ರಿ ಮಾಡಿದ್ದರೆ ಅವನು ಉಳಿಯುತ್ತಿದ್ದ ಅಂತ ಅವರಿಗೆ ಗೊತ್ತಿತ್ತು. ಅಲ್ಲಿಂದಲೇ ಶುರುವಾಗಿದ್ದು ಅಂತ ನನ್ನ ಊಹೆ.

ನಿವೃತ್ತಿ ಆದ ಮೇಲೆ ಜಿಲ್ಲಾಕೇಂದ್ರದ ಒಂದು ಮೆಡಿಕಲ್ ಕಾಲೇಜಿಗೆ ಹೋಗಿ ದೇಹದಾನದ ಫಾರಂ ತುಂಬಿ ಬಂದರು. ಸಾಕ್ಷಿಗೆ ನನ್ನ ಮತ್ತು ತಮ್ಮನ ಸಹಿ. ಬೆಳಗಾವಿ ಕಡೆಯ ಡಾ. ಮಹಾಂತೇಶ ರಾಮಣ್ಣವರ 2010ರಲ್ಲಿ ತಮ್ಮ ತಂದೆಯ ಆಸೆಯಂತೆ ಅವರ ದೇಹವನ್ನೇ ವಿದ್ಯಾರ್ಥಿಗಳ ಮುಂದೆ ಛೇದಿಸಿ ಪಾಠ ಮಾಡಿದ ಸುದ್ದಿಯ ತುಣುಕನ್ನು ಅಪ್ಪ ಕತ್ತರಿಸಿ ಇಟ್ಟುಕೊಂಡಿದ್ದರು, ಅದು ನಮಗೆ ಆಮೇಲೆ ಸಿಕ್ಕಿತು.

ಅಪ್ಪ ಹೋದದ್ದು ಬೆಳಗಿನ ಜಾವ. ಮೊದಲು ಕಣ್ಣು. ಉಸಿರು ನಿಂತ ಮೇಲೆ ಆರು ತಾಸಿನೊಳಗೆ ತೆಗೆಯಬೇಕು, ಹಾಗಾಗಿ ನೇತ್ರ ಬ್ಯಾಂಕಿಗೆ ಫೋನ್ ಮಾಡಿದೆವು. ಅವರು ಫೋನಿನಲ್ಲೇ ಹೇಳಿದಂತೆ ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ತಲೆ ಕೆಳಗೆ ದಿಂಬು ಕೊಟ್ಟೆವು. ಅಮ್ಮ ಹತ್ತಿ ಒಣಗದಂತೆ ಮತ್ತೆ ಮತ್ತೆ ನೀರು ಹಾಕುತ್ತಾ ಪಕ್ಕದಲ್ಲೇ ಕೂತಿದ್ದಳು. ಪುನೀತ್ ರಾಜ್‌ಕುಮಾರ್ ತೀರಿಕೊಂಡು ಅವರ ಕಣ್ಣು ನಾಲ್ಕು ಜನಕ್ಕೆ ಆದ ಮೇಲೆ ನಮ್ಮ ಹಳ್ಳಿಯವರಿಗೆ ಕಣ್ಣಿನ ದಾನ ಗೊತ್ತಿತ್ತು, ಅದಕ್ಕೆ ಯಾರೂ ಏನೂ ಅನ್ನಲಿಲ್ಲ. ದೇಹ ಅಂದಾಗ ಜಗಳ ಶುರು. ‘ಮಣ್ಣು ಮಾಡ್ದೆ ಎಂಗವ್ವಾ? ನಮ್ಮ ತೋಟ್ದಾಗೆ ಜಾಗ ಇಲ್ವಾ?’ ಅಂತ ದೊಡ್ಡಪ್ಪ ಅತ್ತರು. ಅವರದ್ದು ಕೋಪವಲ್ಲ, ತಮ್ಮನನ್ನು ತಮ್ಮ ಭೂಮಿಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲವಲ್ಲ ಅನ್ನೋ ಸಂಕಟ. ನಾನು ಅಪ್ಪ ಸಹಿ ಮಾಡಿದ ಹಾಳೆ ತೋರಿಸಿದೆ. ಅವರು ಓದಲಿಲ್ಲ, ಆ ಸಹಿ ಮೇಲೆ ಬೆರಳಾಡಿಸಿ ಮಡಚಿ ಕೊಟ್ಟರು.

ಕಾಲೇಜಿನಲ್ಲಿ ಮರಣ ದೃಢೀಕರಣ, ಆಧಾರ್, ನಮ್ಮ ಒಪ್ಪಿಗೆ ಪತ್ರ ಎಲ್ಲ ತೆಗೆದುಕೊಂಡರು. ಅಲ್ಲಿಯ ಅಟೆಂಡರ್ ಅಪ್ಪನ ಸೊಂಟದ ಉಡುದಾರ ಕತ್ತರಿಸಿ ತಮ್ಮನ ಕೈಗೆ ಕೊಟ್ಟ. ಹಣೆ, ಕೊರಳು, ತೋಳು ನೋಡಿ ಇನ್ನೇನೂ ಇಲ್ಲವಲ್ಲ ಅಂತ ಖಾತ್ರಿ ಮಾಡಿಕೊಂಡ. ವಿಭಾಗದ ಮುಖ್ಯಸ್ಥೆ ಎದ್ದು ನಿಂತು ಅಪ್ಪನಿಗೆ ಕೈ ಮುಗಿದರು. ಮೊದಲ ವರ್ಷದ ಮಕ್ಕಳು ಛೇದನ ಶುರು ಮಾಡುವ ಮೊದಲು ಆ ದೇಹಗಳ ಮುಂದೆ ನಿಂತು ಪ್ರಮಾಣ ಮಾಡುತ್ತಾರೆ, ಇವರು ನಮ್ಮ ಮೊದಲ ಗುರು, ಗೌರವದಿಂದ ನಡೆದುಕೊಳ್ಳುತ್ತೇವೆ ಅಂತ, ಎಂದು ಅವರೇ ಹೇಳಿದರು. ನನಗೆ ಅಲ್ಲಿ ಧೈರ್ಯ ಬಂತು. ಶಾಸ್ತ್ರ ಇಲ್ಲದ ಕಡೆ ಗೌರವ ಇರುವುದಿಲ್ಲ ಅನ್ನೋದು ಸುಳ್ಳು, ಇಲ್ಲಿ ಯಾರೋ ಕೂತು ಯೋಚಿಸಿ ಒಂದು ಮಾತು ಕಟ್ಟಿದ್ದಾರೆ, ನಿಂತು ಹೇಳಬೇಕು ಅಂತ ನಿಯಮ ಮಾಡಿದ್ದಾರೆ.

ಆದರೆ ಮನೆಗೆ ಬಂದ ಮೇಲೆ ಆದದ್ದನ್ನೂ ಹೇಳಬೇಕು. ಮಧ್ಯಾಹ್ನಕ್ಕೆಲ್ಲ ಮುಗಿದುಹೋಯಿತು. ಸಂಜೆಗೆ ಮನೆ ಖಾಲಿ. ಮಣ್ಣು ಮಾಡಿದ್ದರೆ ಮರುದಿನ, ಮೂರನೇ ದಿನ ಹಾಲು ತುಪ್ಪ, ಹನ್ನೊಂದಕ್ಕೆ ತಿಥಿ ಅಂತ ಜನ ಬರುತ್ತಲೇ ಇರುತ್ತಿದ್ದರು. ಯಾರು ಯಾವಾಗ ಬರಬೇಕು, ಏನು ತರಬೇಕು, ಎಲ್ಲಿ ಕೂತು ಅಳಬೇಕು, ಎಲ್ಲಕ್ಕೂ ಒಂದು ದಾರಿ ಇರುತ್ತಿತ್ತು. ನಮ್ಮಲ್ಲಿ ನೆಂಟರಿಗೆ ಯಾವತ್ತು ಬರಬೇಕು ಅಂತಲೇ ತಿಳಿಯಲಿಲ್ಲ. ಬಂದವರಿಗೆ ಕೈಯಲ್ಲಿ ಮಾಡಲು ಕೆಲಸ ಇರಲಿಲ್ಲ. ದುಃಖದಲ್ಲಿರುವವರಿಗೆ ಮಾಡಲು ಕೆಲಸ ಬೇಕು, ಸುತ್ತ ಜನ ಬೇಕು, ಇಂಥ ದಿನಕ್ಕೆ ಇದು ಮುಗಿಯಿತು ಅಂತ ಒಂದು ಗಡಿ ಬೇಕು. ಧರ್ಮ ಬಿಟ್ಟವರು ಈ ಮಾತನ್ನು ಗಟ್ಟಿಯಾಗಿ ಮಾತಾಡಬೇಕು ಅಂತ ನನಗೆ ಆವತ್ತಿನಿಂದ ಅನ್ನಿಸಿದೆ. ಬೇಡದ್ದನ್ನು ತೆಗೆಯುವುದನ್ನು ಕಲಿತಿದ್ದೇವೆ, ಆ ಜಾಗದಲ್ಲಿ ಏನು ಇಡಬೇಕು ಅನ್ನೋದನ್ನು ಕಲಿತಿಲ್ಲ.

ನಾವು ಆವತ್ತು ರಾತ್ರಿಯೇ ಕೂತು ಒಂದು ತೀರ್ಮಾನ ಮಾಡಿ ಎಲ್ಲರಿಗೂ ವಾಟ್ಸಾಪ್ ಮಾಡಿದೆವು. ಹತ್ತು ದಿನ ಪ್ರತಿ ಸಂಜೆ ಆರಕ್ಕೆ ಮನೆಯಲ್ಲಿ ಕಾಫಿ ಇರುತ್ತೆ, ಯಾರು ಬೇಕಾದರೂ ಬನ್ನಿ, ಅಪ್ಪನ ಬಗ್ಗೆ ನೆನಪಾದದ್ದು ಹೇಳಿ. ಹನ್ನೊಂದನೇ ದಿನ ಊಟ. ಜನ ಬಂದರು. ಜೊತೆಗೆ ಕೆಲಸ ಮಾಡಿದ ಲೈನ್‌ಮನ್‌ಗಳು ಬಂದು, ಮಳೆಗಾಲದ ರಾತ್ರಿ ಮರ ಬಿದ್ದು ತಂತಿ ಹರಿದಾಗ ಅಪ್ಪ ಯಾರನ್ನೂ ಕಂಬ ಹತ್ತಿಸದೆ ಮೊದಲು ತಾನೇ ಸಬ್‌ಸ್ಟೇಷನ್ನಿಗೆ ಸೈಕಲ್ ತುಳಿದದ್ದನ್ನು ಹೇಳಿದರು. ನಮಗೆ ಗೊತ್ತೇ ಇರದ ಅಪ್ಪ ಆ ಸಂಜೆಗಳಲ್ಲಿ ಸಿಕ್ಕರು. ಹನ್ನೊಂದನೇ ದಿನ ಅವರಿಗೆ ಇಷ್ಟದ ಮುದ್ದೆ, ನಾಟಿಕೋಳಿ ಸಾರು. ದೊಡ್ಡಪ್ಪ ಬಂದು ಉಂಡರು.

ಆ ದಿನ ಬೆಳಿಗ್ಗೆಯೇ ಇನ್ನೊಂದು ನಡೆದಿತ್ತು. ಊರಿಂದ ಹೆಂಗಸರು ಹೂ, ಕುಂಕುಮ, ಹಸಿರು ಬಳೆ ಎಲ್ಲ ತಟ್ಟೆಯಲ್ಲಿ ಇಟ್ಟುಕೊಂಡು ಬಂದಿದ್ದರು. ಗೊತ್ತಿರುವವರಿಗೆ ಗೊತ್ತು, ಕೊನೇ ಸಲ ಎಲ್ಲ ತೊಡಿಸಿ ಕೂರಿಸಿ ಆಮೇಲೆ ಬಳೆ ಒಡೆಯುತ್ತಾರೆ, ಕುಂಕುಮ ಅಳಿಸುತ್ತಾರೆ. ನಾನು ಜಗಳಕ್ಕೆ ಸಿದ್ಧವಾಗಿದ್ದೆ. ಅಮ್ಮ ನನಗೆ ಮಾತಾಡಲು ಬಿಡಲಿಲ್ಲ. ಚಿಕ್ಕಮ್ಮನ ಕೈಯಿಂದ ತಟ್ಟೆ ತಗೊಂಡು ಪಕ್ಕಕ್ಕಿಟ್ಟು, ‘ಬಳೆ ನಮ್ಮವ್ವ ತೊಡ್ಸಿದ್ದು ಕಣೇ, ಇವ್ರು ತೊಡ್ಸಿದ್ದಲ್ಲ. ನಾನ್ಯಾಕೆ ಒಡೀಲಿ’ ಅಂದಳು. ಚಿಕ್ಕಮ್ಮ ತುಂಬಾ ಹೊತ್ತು ಸುಮ್ಮನೆ ನಿಂತಿದ್ದು, ಆ ತಟ್ಟೆಯ ಹೂವನ್ನೇ ಎತ್ತಿ ಅಮ್ಮನ ತಲೆಗೆ ಮುಡಿಸಿದಳು. ಅಮ್ಮ ದೇವರನ್ನು ನಂಬುವವಳು. ಸೋಮವಾರ ತಪ್ಪದೆ ಈಶ್ವರನ ಗುಡಿಗೆ ಹೋಗುವವಳು. ಅಪ್ಪ ಒಂದೊಂದೇ ಬಿಡುತ್ತಾ ಹೋದದ್ದನ್ನು ನಲವತ್ತು ವರ್ಷ ಪಕ್ಕದಲ್ಲಿ ನೋಡಿ ಅವಳು ಕಲಿತದ್ದು ದೇವರನ್ನು ಬಿಡುವುದನ್ನಲ್ಲ, ಯಾವುದನ್ನು ಬಿಡಬಹುದು ಅಂತ ತಾನೇ ಆರಿಸಿಕೊಳ್ಳುವುದನ್ನು. ಇದು ನನಗೆ ಅಪ್ಪನ ದೇಹದಾನಕ್ಕಿಂತ ದೊಡ್ಡದಾಗಿ ಕಾಣುತ್ತೆ.

ಮೆಲ್ಬರ್ನ್‌ನಲ್ಲಿರುವ ನನ್ನ ಚಿಕ್ಕಪ್ಪನ ಮಗಳ ಜೊತೆ ಇದನ್ನೆಲ್ಲ ಮಾತಾಡುವಾಗ ಅವಳು ಅಲ್ಲಿಯ ವಿಷಯ ಹೇಳಿದಳು. ಆಸ್ಟ್ರೇಲಿಯಾದಲ್ಲಿ 2021ರ ಜನಗಣತಿಯಲ್ಲಿ ಧರ್ಮ ಇಲ್ಲ ಅಂದವರು ಶೇ. 38.9. ಅಲ್ಲಿ 1973ರಿಂದಲೇ ಚರ್ಚಿಗೆ ಸೇರದ, ಸರ್ಕಾರ ನೇಮಿಸಿದ ಸಾಮಾನ್ಯ ಜನ ಮದುವೆ ಮಾಡಿಸುತ್ತಾರೆ. ಈಗ ಅಲ್ಲಿ ಆಗುವ ಮದುವೆಗಳಲ್ಲಿ 100ಕ್ಕೆ ಸುಮಾರು 80 ಅವರದ್ದೇ. ಇಂಥವರು ಸಾವಿನ ಮನೆಗೂ ಬರುತ್ತಾರೆ. ಮೊದಲೇ ಮನೆಯವರ ಜೊತೆ ಕೂತು ಸತ್ತವರ ಬಗ್ಗೆ ಕೇಳಿ ಬರೆದುಕೊಂಡು, ಯಾರು ಮಾತಾಡಬೇಕು, ಯಾವ ಹಾಡು, ಎಲ್ಲ ಹೊಂದಿಸುತ್ತಾರೆ. ಅವಳ ಮಗ ಧರ್ಮ ಇಲ್ಲ ಅಂತ ಬರೆಸಿದ್ದಾನೆ, ಗಣೇಶನ ಹಬ್ಬಕ್ಕೆ ಕನ್ನಡ ಸಂಘದಲ್ಲಿ ಕುರ್ಚಿ ಹಾಕುವುದೂ ಅವನೇ. ನನಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಹಬ್ಬ ಅಂದರೆ ಜನ ಸೇರುವುದು, ಉಣ್ಣುವುದು. ನಾನೂ ಯುಗಾದಿಗೆ ಬೇವು ಬೆಲ್ಲ ತಿನ್ನುತ್ತೇನೆ, ಸಂಕ್ರಾಂತಿಗೆ ಎಳ್ಳು ಬೀರಲು ಹೋಗುತ್ತೇನೆ. ಮಡಿ ಬಿಟ್ಟಿದ್ದೇನೆ, ಹೋಳಿಗೆ ಬಿಟ್ಟಿಲ್ಲ.

ನಮಗೂ ಅಂಥವರು ಬೇಕು. ಮದುವೆ ಓದಿಸಲು ಬಂದವರೇ ಸಾವಿನ ಮನೆಗೂ ಬಂದು ಮನೆಯವರ ಪಕ್ಕ ಕೂರುವವರು, ಮಗುವಿಗೆ ಹೆಸರಿಡುವಾಗ ನಾಲ್ಕು ಒಳ್ಳೆಯ ಮಾತು ಹೇಳುವವರು. ನಿವೃತ್ತ ಮೇಷ್ಟ್ರು, ನರ್ಸುಗಳು, ಅಂಗನವಾಡಿ ಟೀಚರುಗಳು, ಊರಲ್ಲಿ ಎಲ್ಲರೂ ಗೌರವಿಸುವ ಹೆಂಗಸರು. ಕುವೆಂಪು ಮದುವೆಗೆ ಮಾತು ಬರೆದುಕೊಟ್ಟರು. ಸಾವಿಗೆ, ಹೆಸರಿಡುವುದಕ್ಕೆ ನಾವು ಬರೆದುಕೊಳ್ಳಬೇಕು, ಅದೂ ಹಳ್ಳಿಯವರ ಕಿವಿಗೆ ಹಿತವಾಗುವ ಕನ್ನಡದಲ್ಲಿ. ನಾವು ಕೆಲವು ಗೆಳೆಯರು ಸೇರಿ ಸಾವಿನ ಮನೆಯಲ್ಲಿ ಓದಲು ಆಗುವಂಥ ಎರಡು ಪುಟ ಬರೆದಿದ್ದೇವೆ, ಎರಡು ಮನೆಗಳಲ್ಲಿ ಓದಿದ್ದೂ ಆಯಿತು.

ಭಯ ಇಲ್ಲ ಅಂತ ಹೇಳುವುದಿಲ್ಲ. ಮೂಢನಂಬಿಕೆ ವಿರುದ್ಧ ಕೆಲಸ ಮಾಡುತ್ತಿದ್ದ ದಾಭೋಲ್ಕರ್ ಅವರನ್ನು 2013ರಲ್ಲಿ ಪುಣೆಯಲ್ಲಿ ಕೊಂದರು. 2015ರಲ್ಲಿ ಧಾರವಾಡದಲ್ಲಿ ಕಲಬುರ್ಗಿಯವರನ್ನು, 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಅವರವರ ಮನೆ ಬಾಗಿಲಲ್ಲೇ ಕೊಂದರು. ಅದಾದ ಮೇಲೆ ಬಹಳ ಜನ ಬಾಯಿ ಮುಚ್ಚಿಕೊಂಡರು, ಅದು ಅರ್ಥ ಆಗುತ್ತೆ. ಬಾಯಿ ಮುಚ್ಚಿಕೊಂಡೇ ಮನೆಯೊಳಗೆ ಬದಲಾದವರು ಅದಕ್ಕಿಂತ ಜಾಸ್ತಿ ಅಂತ ನನ್ನ ನಂಬಿಕೆ.

ಅಮ್ಮನ ವಿಷಯ ಪೂರ್ತಿ ಹೇಳುತ್ತೇನೆ. ಅವಳು ದೇಹದಾನದ ಫಾರಂ ತುಂಬಿಲ್ಲ, ತುಂಬುವುದೂ ಇಲ್ಲ. ‘ನನ್ನನ್ನ ತೋಟದಲ್ಲೇ ಮಣ್ಣು ಮಾಡಿ, ಹಾಲು ತುಪ್ಪ ಬಿಡಿ, ಎಡೆ ಇಡಿ, ಒಂದೂ ಬಿಡಬೇಡಿ’ ಅಂದಿದ್ದಾಳೆ. ಅಪ್ಪನ ಮಾತು ನಡೆಸಿದ ಹಾಗೆ ಅವಳ ಮಾತೂ ನಡೆಸಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಜೊತೆಗೆ ಇನ್ನೊಂದು ಸೇರಿಸಿದ್ದಾಳೆ. ಮಡಕೆ ಹೊರುವುದು, ಮೊದಲ ಹಿಡಿ ಮಣ್ಣು ಹಾಕುವುದು ತಮ್ಮ ಅಲ್ಲ, ನಾನು ಮಾಡಬೇಕಂತೆ. ನಮ್ಮ ಕಡೆ ಹೆಣ್ಣುಮಕ್ಕಳು ಅದನ್ನು ಮಾಡಿದ್ದನ್ನು ನಾನು ನೋಡಿಲ್ಲ. ತಮ್ಮ ಒಪ್ಪಿದ್ದಾನೆ. ದೊಡ್ಡಪ್ಪನಿಗೆ ಅಮ್ಮನೇ ಹೇಳುತ್ತೇನೆ ಅಂದಿದ್ದಾಳೆ. ಯಾವುದರ ನಂತರ ಯಾವುದು ಮಾಡಬೇಕು ಅಂತ ನಾನು ಚಿಕ್ಕಮ್ಮನ ಹತ್ತಿರ ಕೇಳಿ ಬರೆದಿಟ್ಟುಕೊಳ್ಳುತ್ತಿದ್ದೇನೆ.